ಮೆತ್ತಗಾದ ಡೆಕ್: ಹಳೇ ಫೈಬರ್ ದೋಣಿಯೊಂದರ ರಿಪೇರಿ

ದೋಣಿ ಬಾವನದ್ದು, ಕೈಕೆಲಸ ನನ್ನದು. 26 ಅಡಿಯ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್, ವಯಸ್ಸು 20 ದಾಟಿದೆ. ಮೊದಲು ಬಲೆ ಬಿಡಲು ಹೋಗುತ್ತಿತ್ತು. ಈಗ ಸುವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿಬೆಂಗ್ರೆ ಕಡೆ ಗಾಳ ಹಾಕುವವರನ್ನು ಕೂರಿಸಿಕೊಂಡು ಹೋಗುತ್ತದೆ. ನೀರಿನಲ್ಲಿ ಮುಳುಗಿರುವ ಭಾಗ ಇವತ್ತಿಗೂ ಗಟ್ಟಿಮುಟ್ಟು. ತೊಂದರೆ ಇದ್ದದ್ದು ಮುಂದಿನ ಡೆಕ್‌ನಲ್ಲಿ, ಅಂದರೆ ದೋಣಿಯ ಮೇಲೆ ನಿಂತು ನಡೆಯುವ ಹಾಸಿನಲ್ಲಿ. ಹಗ್ಗ ಕಟ್ಟುವ ಗೂಟದ ಹತ್ತಿರ ಕಾಲಿಟ್ಟರೆ ಡೆಕ್ ಕುಸಿದು, ಕಾಲೆತ್ತಿದರೆ ಮೇಲೆ ಬರುತ್ತಿತ್ತು. ಪಕ್ಕದ ಸ್ಕ್ರೂ ತೂತಿನಿಂದ ಕಂದು ನೀರು ಉಕ್ಕುತ್ತಿತ್ತು.

"ಫೈಬರ್ ಕೊಳೆಯುವುದಿಲ್ಲ ಅಂತ ಹೇಳಿಯೇ ಅಲ್ವಾ ಮರದ ದೋಣಿ ಮಾರಿ ಇದನ್ನು ತಗೊಂಡದ್ದು?" ಅಂತ ಬಾವ ಕೇಳಿದರು. ಅವರು ಹೇಳಿದ್ದು ಸರಿಯೇ. ಫೈಬರ್ ಕೊಳೆತಿರಲಿಲ್ಲ. ಕೊಳೆತದ್ದು ಅದರೊಳಗಿದ್ದ ಪ್ಲೈವುಡ್. ಇಂಥ ಡೆಕ್‌ನಲ್ಲಿ ಮೂರು ಪದರ ಇರುತ್ತದೆ. ನಮ್ಮದರಲ್ಲಿ ಮೇಲೆ 4 ಮಿ.ಮೀ. ಫೈಬರ್, ನಡುವೆ 12 ಮಿ.ಮೀ. ಪ್ಲೈ, ಕೆಳಗೆ 2 ಮಿ.ಮೀ. ಫೈಬರ್. ಬರೀ 6 ಮಿ.ಮೀ. ಫೈಬರ್ ಹಾಳೆಯ ಮೇಲೆ ಆಳು ನಿಂತರೆ ಅದು ಬಾಗುತ್ತದೆ. ಅಷ್ಟೇ ಫೈಬರನ್ನು ಎರಡು ಹಾಳೆ ಮಾಡಿ, ನಡುವೆ ಹಗುರವಾದ ಏನನ್ನಾದರೂ ಅಂಟಿಸಿ ದೂರ ಇಟ್ಟರೆ ಗಟ್ಟಿತನ ಎಷ್ಟೋ ಪಟ್ಟು ಏರುತ್ತದೆ. ಆದರೆ ಮೂರೂ ಒಂದಕ್ಕೊಂದು ಅಂಟಿಕೊಂಡಿರುವವರೆಗೆ ಮಾತ್ರ. ಅಮೆರಿಕ, ಯೂರೋಪಿನ ಹಳೇ ಹಾಯಿ ದೋಣಿಗಳಲ್ಲಿ ನಡುವೆ ಹೆಚ್ಚಾಗಿ ಬಾಲ್ಸಾ ಮರ ಇರುತ್ತದೆ. ಅಲ್ಲೂ ಇದೇ ರೋಗ.

ನೀರು ಫೈಬರ್ ತೂರಿಕೊಂಡು ಒಳಗೆ ಹೋಗಲಿಲ್ಲ. ತೂತುಗಳಿಂದ ಹೋಯಿತು. ಗೂಟದ ಬೋಲ್ಟು, ಮುಚ್ಚಳದ ಹಿಂಜು, ಟರ್ಪಾಲು ಕಟ್ಟಲು ಹೊಡೆದ ಕೊಂಡಿ, ಯಾವತ್ತೋ ತೆಗೆದುಹಾಕಿದ ದೀಪದ ಸ್ಕ್ರೂ, ಹೀಗೆ ಒಂದೊಂದು ಕಡೆಯೂ ಫೈಬರ್ ಕೊರೆದು ಸೀದಾ ಪ್ಲೈಗೆ ದಾರಿ ಮಾಡಿದ್ದರು. ಸುತ್ತ ಬಳಿದ ಸಿಲಿಕೋನ್ ಒಂದೆರಡು ಬೇಸಿಗೆಯಲ್ಲಿ ಬಿರುಕು ಬಿಟ್ಟಿತ್ತು. ಹಾಗೆ ನೋಡಿದರೆ ಉಪ್ಪುನೀರು ಮರಕ್ಕೆ ಅಷ್ಟು ಬೇಗ ಕೆಡುಕು ಮಾಡುವುದಿಲ್ಲ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರುವುದಿಲ್ಲ. ಅದಕ್ಕೆ ಬೇಕಾದದ್ದು ಸಿಹಿನೀರು, ಸ್ವಲ್ಪ ಗಾಳಿ, ಬೆಚ್ಚಗಿನ ಜಾಗ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಉಡುಪಿ ಕರಾವಳಿಯಲ್ಲಿ ಈ ಮೂರಕ್ಕೂ ಬರವಿಲ್ಲ. ದೋಣಿಗೆ ರಜೆ ಕೊಟ್ಟು ದಡದಲ್ಲಿ ಮಲಗಿಸಿದ ಮಳೆಗಾಲದಲ್ಲೇ ಡೆಕ್ ಜಾಸ್ತಿ ಕೊಳೆಯುತ್ತದೆ.

ಎಲ್ಲಿಯವರೆಗೆ ಕೊಳೆತಿದೆ?

ಇದಕ್ಕೆ ದುಬಾರಿ ಸಾಮಾನು ಬೇಡ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿ ಸಾಕು. ಡೆಕ್‌ನ ಒಂದು ತುದಿಯಿಂದ ಒಂದೊಂದು ಇಂಚಿಗೂ ಬಡಿಯುತ್ತಾ ಹೋಗಬೇಕು. ಅಂಟು ಸರಿಯಿದ್ದಲ್ಲಿ ಟಣ್ ಅನ್ನುತ್ತದೆ, ಬಿಟ್ಟಲ್ಲಿ ಡಬ್ ಅನ್ನುತ್ತದೆ. ಮೊದಲ ಸಲ ಬಡಿಯುವವರಿಗೂ ಬೇಗ ಗೊತ್ತಾಗುತ್ತದೆ. ಸದ್ದು ಬದಲಾಗುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ಗೂಟದ ಸುತ್ತ ಒಂದು ಕೈ ಅಗಲ ಕೊಳೆತಿರಬಹುದು ಅಂತ ಬಾವನ ಅಂದಾಜು. ಗೀಟು ಎಳೆದು ಮುಗಿಸಿದಾಗ ಮುಂದಿನ ಡೆಕ್‌ನ ಮುಕ್ಕಾಲು ಪಾಲು ಅದರೊಳಗೆ ಬಂದಿತ್ತು.

ಸದ್ದು ಅಂಟಿನ ವಿಷಯ ಹೇಳುತ್ತದೆ, ತೇವದ ವಿಷಯ ಹೇಳುವುದಿಲ್ಲ. ಅದಕ್ಕೆ ಗೀಟಿನ ಒಳಗೂ ಹೊರಗೂ ಅಲ್ಲಲ್ಲಿ 6 ಮಿ.ಮೀ. ಬಿಟ್ ಹಾಕಿ ಮೇಲಿನ ಫೈಬರ್ ಮತ್ತು ಪ್ಲೈ ಮಾತ್ರ ಕೊರೆದು ನೋಡಿದೆವು. ಕೆಳಗಿನ ಫೈಬರ್ ಮುಟ್ಟಬಾರದು. ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿದರೆ ಆಳ ತಪ್ಪುವುದಿಲ್ಲ. ಬಿಟ್ ಜೊತೆ ಬಂದ ಹೊಟ್ಟು ಒಣಗಿ ತಿಳಿ ಬಣ್ಣ ಇದ್ದರೆ ಆ ಜಾಗ ಚೆನ್ನಾಗಿದೆ. ಕಂದಾಗಿ ಬೆರಳಿಗೆ ಅಂಟಿದರೆ ನೀರು ಬಂದಿದೆ. ಗೂಟದ ಹತ್ತಿರ ಹೊಟ್ಟು ಬರಲೇ ಇಲ್ಲ. ಕಪ್ಪು ರಾಡಿ ಬಂತು, ಜೊತೆಗೆ ಹುಳಿ ವಾಸನೆ. ಟಣ್ ಅಂದ ಎರಡು ಕಡೆಯೂ ಪ್ಲೈ ಒದ್ದೆಯಾಗಿತ್ತು. ಅಂಟು ಇನ್ನೂ ಬಿಟ್ಟಿರಲಿಲ್ಲ ಅಷ್ಟೆ. ಗೀಟು ಹೊರಕ್ಕೆ ಸರಿಯಿತು.

ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ ರೆಸಿನ್, ಅಂದರೆ ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು, ತುಂಬಿದರೆ ಸಾಲದೇ ಅಂತ ನೋಡಲು ಬಂದವರೆಲ್ಲ ಕೇಳಿದರು. ಒಣಗಿದ ಪ್ಲೈ ಒಂದು ಅಂಗೈಯಷ್ಟು ಜಾಗದಲ್ಲಿ ಅಂಟು ಬಿಟ್ಟಿದ್ದರೆ ಸಾಕು. ಒದ್ದೆ ಮರದಲ್ಲಿ ಸಾಲದು. ಮರದ ಸಂದಿಗಳಲ್ಲಿ ಆಗಲೇ ನೀರು ಕೂತಿರುತ್ತದೆ, ರೆಸಿನ್‌ಗೆ ಜಾಗ ಎಲ್ಲಿದೆ? ತೂತಿನ ಸುತ್ತ ಒಂದಿಷ್ಟು ಹೆಪ್ಪುಗಟ್ಟುತ್ತದೆ, ಉಳಿದ ಕಡೆ ಕೊಳೆತ ಹಾಗೆಯೇ ಮುಂದುವರಿಯುತ್ತದೆ. ಮೇಲೆ ಮ್ಯಾಟ್ (ಗಾಜಿನ ಎಳೆಗಳ ಹಾಸು) ಎಳೆದು ಪೇಂಟ್ ಹೊಡೆಯುವುದು ಇನ್ನೊಂದು ಉಪಾಯ. ಹಿಂದೆ ಯಾರೋ ಅದನ್ನೂ ಮಾಡಿದ್ದರು. ಕತ್ತರಿಸುವಾಗ ಆ ತೇಪೆ ಚಪ್ಪಟೆ ಹಾಳೆಯಾಗಿ ಎದ್ದು ಬಂತು. ಅದರ ಕೆಳಗೆ ಹಳೇ ಪೇಂಟ್ ಹೊಳೆಯುತ್ತಿತ್ತು, ಉಜ್ಜಿಯೂ ಇರಲಿಲ್ಲ.

ಯಾವಾಗ ಮಾಡುವುದು ಅಂತ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕರಾವಳಿಯಲ್ಲಿ ದೋಣಿ ರಿಪೇರಿ ಎಲ್ಲ ಆಗಲೇ. ಬಾವನಿಗೂ ಆಗಲೇ ಮಾಡಬೇಕು. ದುಡಿಮೆ ಇರುವ ತಿಂಗಳಲ್ಲಿ ದೋಣಿ ದಡ ಹತ್ತಿಸಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಆ ಎರಡು ತಿಂಗಳು ಗೋಡೆಯೂ ಬೆವರುತ್ತದೆ. ಡೆಕ್ ಬಿಚ್ಚಿಟ್ಟರೆ ಒಣಗುವ ಮಾತೇ ಇಲ್ಲ. ಬೇರೆ ಫೈಬರ್ ಕೆಲಸ ಶೆಡ್ಡಿನಲ್ಲಿ ಹೇಗೋ ನಡೆಯುತ್ತದೆ, ಡೆಕ್‌ನೊಳಗೆ ಮರ ಮುಚ್ಚುವ ಕೆಲಸ ಬೇಡ ಅಂದೆ. ಕೊನೆಗೆ ಅಕ್ಕ ನನ್ನ ಕಡೆ ಮಾತಾಡಿದ್ದರಿಂದ ಫೆಬ್ರವರಿಗೆ ಒಪ್ಪಿದರು. ಆಗ ಹಗಲು ಒಣ ಗಾಳಿ ಬೀಸುತ್ತದೆ. ರಾತ್ರಿಯ ಇಬ್ಬನಿಯೊಂದೇ ತಲೆನೋವು.

ಬಿಚ್ಚುವುದು

ಮೇಲಿನಿಂದ ಬಿಚ್ಚಬೇಕೋ ಕೆಳಗಿನಿಂದಲೋ? ಕೆಳಗಿನಿಂದ ಬಿಚ್ಚಿದರೆ ಮೇಲಿನ ಮೈ ಕೆಡುವುದಿಲ್ಲ. ಆದರೆ ಬಲೆ ಇಡುವ ಆ ಗೂಡಿನಲ್ಲಿ ಮಲಗಿಕೊಂಡು ತಲೆ ಮೇಲೆ ರೆಸಿನ್ ಹಚ್ಚಬೇಕು. ರೆಸಿನ್ ಕಣ್ಣಿಗೆ ಸುರಿಯುತ್ತದೆ, ಒದ್ದೆ ಬಟ್ಟೆ ಜೋತು ಬೀಳುತ್ತದೆ, ಗಾಳಿಯೂ ಇರುವುದಿಲ್ಲ. ಮೇಲಿನ ಮೈ ಹೇಗೂ ಬಿರುಕು ಬಿಟ್ಟಿತ್ತು. ಮೇಲಿನಿಂದಲೇ ಅಂತ ತೀರ್ಮಾನವಾಯಿತು.

ಗ್ರೈಂಡರ್ ಮುಟ್ಟುವ ಮೊದಲು ಒಂದು ಕೆಲಸ ಇದೆ. ಡೆಕ್ ಚಪ್ಪಟೆ ಅಲ್ಲ. ನೀರು ಇಳಿದು ಹೋಗಲಿ ಅಂತ ನಡುವೆ ಉಬ್ಬಿರುತ್ತದೆ. ಪ್ಲೈ ತೆಗೆದ ಮೇಲೆ ಉಳಿಯುವ 2 ಮಿ.ಮೀ. ಫೈಬರ್‌ಗೆ ಆ ಉಬ್ಬು ಹಿಡಿದುಕೊಳ್ಳುವ ತಾಕತ್ತಿಲ್ಲ, ಜೋತು ಬೀಳುತ್ತದೆ. ಅದೇ ಆಕಾರದಲ್ಲಿ ಹೊಸ ಪ್ಲೈ ಅಂಟಿಸಿದರೆ ಡೆಕ್ ನಡುವೆ ಗುಂಡಿ ಬಿದ್ದು ನೀರು ನಿಲ್ಲುತ್ತದೆ. ಅದಕ್ಕೆ ಮೊದಲೇ ರಟ್ಟಿನಲ್ಲಿ ಉಬ್ಬಿನ ಅಚ್ಚು ಕತ್ತರಿಸಿ ಇಟ್ಟುಕೊಂಡೆವು. ಕೆಳಗಿನಿಂದ ಅಡಿಕೆ ಮರದ ದಬ್ಬೆಗಳನ್ನು ಅಡ್ಡ ಇಟ್ಟು, ಕಂಬ ಕೊಟ್ಟು, ಬೆಣೆ ಹೊಡೆದು ಬಿಗಿ ಮಾಡಿದೆವು. ದಬ್ಬೆ ಉಬ್ಬಿಗೆ ಸರಿಯಾಗಿ ಬಾಗುತ್ತದೆ, ಮನೆ ಹಿಂದೆ ಸುಮ್ನೆ ಬಿದ್ದಿರುತ್ತದೆ.

ದೋಣಿಯ ಮೈಗೆ ಡೆಕ್ ಸೇರುವ ಅಂಚು ಮುಟ್ಟಬಾರದು. ಆ ಜೋಡಣೆ ಬಿಚ್ಚಿದರೆ ಬೇರೆಯೇ ಕೆಲಸ ಶುರುವಾಗುತ್ತದೆ. ಅಂಚಿನಿಂದ ಮೂರು ಇಂಚು ಒಳಗೆ ಗೀಟು ಹಾಕಿ, ಕಟಿಂಗ್ ವೀಲ್ ಮೇಲಿನ ಫೈಬರ್‌ನಷ್ಟೇ ಆಳ ಇಳಿಯುವ ಹಾಗೆ ಕತ್ತರಿಸಿದೆ. ಕೊಳೆತ ಕಡೆ ಹಾಳೆ ಕೈಯಲ್ಲೇ ಎದ್ದು ಬಂತು. ಗಟ್ಟಿಯಿದ್ದ ಕಡೆ ಉಳಿ, ಸುತ್ತಿಗೆ, ಬೈಗುಳ ಎಲ್ಲ ಬೇಕಾಯಿತು. ಗೂಟದ ಕೆಳಗಿನ ಪ್ಲೈಯನ್ನು ಕೈಯಲ್ಲಿ ಹಿಂಡಿದರೆ ನೀರು ಇಳಿಯಿತು. ಅಂಚಿನ ಕೆಳಗೆ ಉಳಿದ ಮೂರು ಇಂಚಿನ ಪಟ್ಟಿಯಲ್ಲೂ ಒದ್ದೆ ಇತ್ತು. ಉದ್ದದ ತೆಳು ಉಳಿಯನ್ನು ಬಗ್ಗಿಸಿ ಕೊಕ್ಕೆ ಮಾಡಿಕೊಂಡು ಅದನ್ನೂ ಕೆರೆದು ತೆಗೆದೆವು. ಇಡೀ ಕೆಲಸದಲ್ಲಿ ಬೇಸರ ಬಂದದ್ದು ಇದೊಂದೇ ಕಡೆ. ಆದರೆ ಅಲ್ಲಿ ಒಂದು ತುಂಡು ಕೊಳೆತ ಮರ ಉಳಿದರೂ ಹೊಸ ಪ್ಲೈಗೆ ಬೀಜ ಬಿತ್ತಿದ ಲೆಕ್ಕ.

ಫೈಬರ್ ಧೂಳಿನ ತುರಿಕೆ ಗೊತ್ತಿದ್ದವರಿಗೆ ಗೊತ್ತು. ತುಂಬು ತೋಳಿನ ಅಂಗಿ, ಕನ್ನಡಕ, ಒಳ್ಳೇ ಫಿಲ್ಟರ್ ಇರುವ ಮಾಸ್ಕ್ ಬೇಕೇ ಬೇಕು. ಮುಖಕ್ಕೆ ಬೈರಾಸು ಸುತ್ತಿಕೊಂಡರೆ ಸಾಲದು. ಕೆಲಸ ಮುಗಿಸಿ ಬಂದ ಕೂಡಲೇ ಅಕ್ಕ ಹಂಡೆಯಲ್ಲಿ ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದಳು. ಬೇಡ, ಮೊದಲು ತಣ್ಣೀರು. ಉಜ್ಜದೆ, ಸುಮ್ನೆ ಸುರಿದುಕೊಳ್ಳಬೇಕು. ಬಿಸಿನೀರಲ್ಲಿ ಉಜ್ಜಿದರೆ ಗಾಜಿನ ಚೂರು ಚರ್ಮಕ್ಕೆ ಇನ್ನೂ ಇಳಿದು ರಾತ್ರಿಯೆಲ್ಲ ನಿದ್ದೆ ಇಲ್ಲ. ದೋಣಿಯ ಕೆಳಗೆ ಟರ್ಪಾಲು ಹಾಸಿ ಧೂಳು ಗುಡಿಸಿ ಚೀಲಕ್ಕೆ ತುಂಬಿದೆವು. ಹೊಳೆಗೆ ಗುಡಿಸಬೇಡಿ. ಅದೇ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ತಿನ್ನುವವರು ನಾವೇ.

ಆಮೇಲೆ ಕಾಯುವುದು. ಹಗಲು ಬಿಸಿಲಿಗೆ ತೆರೆದಿಟ್ಟು, ಸಂಜೆ ಟರ್ಪಾಲು ಹೊದಿಸುತ್ತಿದ್ದೆವು. ಹೊದಿಕೆ ಡೆಕ್‌ಗೆ ತಾಗದ ಹಾಗೆ, ಕೆಳಗೆ ಗಾಳಿ ಆಡುವ ಹಾಗೆ. ಒಣಗಿತೋ ಇಲ್ಲವೋ ಅಂತ ತಿಳಿಯಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ ಬಿಸಿಲಿಗೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ತೇವ ಇದೆ. ಹನಿ ಕಟ್ಟುವುದು ಪೂರ್ತಿ ನಿಂತ ಮೇಲೇ ಮುಂದಿನ ಕೆಲಸ. ಬಾವ ದಿನಾ ಬಂದು ಹಾಳೆ ನೋಡಿ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು.

ಯಾವ ಮರ, ಯಾವ ರೆಸಿನ್

ನಡುವೆ ಮರವೇ ಯಾಕೆ, ಕೊಳೆಯದ ಪಿವಿಸಿ ಫೋಮ್ ಹಾಕಬಹುದಲ್ಲ? ಹಾಕಬಹುದು, ಹಗುರವೂ ಹೌದು. ಆದರೆ ಇದು ಐಸ್ ಪೆಟ್ಟಿಗೆ ಎಸೆಯುವ, ಲಂಗರು ಬೀಳುವ, ದಡದಿಂದ ನಾಲ್ಕು ಜನ ಒಟ್ಟಿಗೆ ಹಾರುವ ಡೆಕ್. ಇಂಥ ಕಡೆ ಮೆದು ಫೋಮ್ ಒಳಗೇ ಜಜ್ಜಿಹೋಗುತ್ತದೆ, ಗಟ್ಟಿ ಫೋಮಿನ ಬೆಲೆ ಬಾವನಿಗೆ ಹಿಡಿಸಲಿಲ್ಲ. ಮರದ ಮೇಲೆ ನನಗೂ ದ್ವೇಷ ಇಲ್ಲ. ಔಷಧಿ ಉಣಿಸಿದ ರಬ್ಬರ್ ಮರಕ್ಕೆ ಫೈಬರ್ ಹೊದಿಸಿ ಸಣ್ಣ ದೋಣಿ ಮಾಡುವ ವಿಧಾನವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೇ ರೂಪಿಸಿದೆ. ನೀರು ಒಳಗೆ ಹೋಗದ ಹಾಗೆ ನೋಡಿಕೊಂಡರೆ ಮರ ಬಾಳುತ್ತದೆ.

ತಂದದ್ದು ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೈನ್ ಪ್ಲೈ. ಅಂಗಡಿಯಲ್ಲಿ ವಾಟರ್‌ಪ್ರೂಫ್ ಅನ್ನುವ ಎಲ್ಲ ಪ್ಲೈಯೂ ಇದಲ್ಲ. ಐಎಸ್ 710ರ ಪರೀಕ್ಷೆಯಲ್ಲಿ ಪ್ಲೈ ತುಂಡು 72 ಗಂಟೆ ಕುದಿದರೂ ಪದರ ಬಿಡಬಾರದು. ಹಲಗೆಯ ಅಂಚು ನೋಡಿ, ಒಳಗೆ ಸಂದಿ ಕಂಡರೆ ವಾಪಸ್ ಕಳಿಸಿ. ನಾನು ಒಂದು ತುಂಡನ್ನು ಬಚ್ಚಲ ಹಂಡೆಗೆ ಹಾಕಿಬಿಟ್ಟೆ. ಬೆಳಿಗ್ಗೆ, ಸಂಜೆ ಸ್ನಾನದ ನೀರಿನ ಜೊತೆ ಅದೂ ಕುದಿಯಿತು. ಪದರ ಬಿಡಲಿಲ್ಲ. ಆದರೆ ಸ್ನಾನದ ನೀರು ಚಹಾದ ಬಣ್ಣಕ್ಕೆ ತಿರುಗಿದ್ದಕ್ಕೆ ಅಕ್ಕ ನನ್ನನ್ನು ಬಿಡಲಿಲ್ಲ. 12 ಮಿ.ಮೀ. ಹಲಗೆ ಡೆಕ್‌ನ ಉಬ್ಬಿಗೆ ಬಾಗುವುದಿಲ್ಲ. ಅದಕ್ಕೇ 6 ಮಿ.ಮೀ.ನದ್ದು ಎರಡು ಪದರ, ಒಂದರ ಜೋಡು ಇನ್ನೊಂದರ ಜೋಡಿನ ಮೇಲೆ ಬಾರದ ಹಾಗೆ.

ರೆಸಿನ್ ವಿಷಯಕ್ಕೆ ಹಂಗಾರಕಟ್ಟೆ ಕಡೆಯ ಹಿರಿಯ ಫೈಬರ್ ಕೆಲಸಗಾರರೊಬ್ಬರನ್ನು ಕೇಳಿದೆ. "ಎಪಾಕ್ಸಿ ಎಲ್ಲ ಯಾಕೆ ಮಾರಾಯ್ರೆ? ನಮ್ಮ ರೆಸಿನ್, ಮ್ಯಾಟ್ ಹಾಕಿ ಬಿಡಿ" ಅಂದರು. ನಮ್ಮ ರೆಸಿನ್ ಅಂದರೆ ಪಾಲಿಯೆಸ್ಟರ್. ಹೊಸ ದೋಣಿಗೆ ಅದೇ ಸರಿ. ಒಂದು ಪದರ ಪೂರ್ತಿ ಗಟ್ಟಿಯಾಗುವ ಮೊದಲೇ ಇನ್ನೊಂದು ಬೀಳುವುದರಿಂದ ಎಲ್ಲ ಒಂದೇ ಮೈ ಆಗುತ್ತದೆ. 20 ವರ್ಷ ಹಿಂದೆ ಗಟ್ಟಿಯಾದ ಫೈಬರ್‌ಗೂ ಬರೀ ಮರಕ್ಕೂ ಅದು ಅಷ್ಟು ಬಲವಾಗಿ ಹಿಡಿಯುವುದಿಲ್ಲ. ಎಪಾಕ್ಸಿ ಎರಡಕ್ಕೂ ಹಿಡಿಯುತ್ತದೆ. ಬೆಲೆ ಎರಡು ಮೂರು ಪಟ್ಟು, ನಿಜ. ಆದರೆ ಇಡೀ ಡೆಕ್‌ನ ಬಾಳು ಅಂಟಿನ ಮೇಲೆ ನಿಂತಿರುವಾಗ ಅಲ್ಲಿ ಉಳಿಸುವ ದುಡ್ಡು ಉಳಿತಾಯ ಅಲ್ಲ.

ಎಪಾಕ್ಸಿ ತಗೊಂಡರೆ ಮ್ಯಾಟ್ ಬಿಡಬೇಕು. ಮಾಮೂಲಿ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಹಾಗಾಗಿ ಮ್ಯಾಟ್ ಮೆತ್ತಗಾಗದೆ ಸೆಟೆದು ನಿಲ್ಲುತ್ತದೆ, ಒಳಗೆ ಗಾಳಿ ಉಳಿಯುತ್ತದೆ. ನೇಯ್ದ ಬಟ್ಟೆ, ಅಂದರೆ ವೋವನ್ ರೋವಿಂಗ್ ಹಾಕಬೇಕು. ಚದರ ಮೀಟರಿಗೆ 600 ಗ್ರಾಂ ತೂಕದ್ದು ಕೈಯಲ್ಲಿ ಹಾಕಿದರೆ ಒಂದು ಪದರಕ್ಕೆ ಸುಮಾರು 0.75 ಮಿ.ಮೀ. ಬರುತ್ತದೆ. ಹಳೇ 4 ಮಿ.ಮೀ.ಗೆ ಸಮ ಆಗಲು ಐದು ಪದರ ಬೇಕಾಯಿತು.

ಪಾಲಿಯೆಸ್ಟರ್‌ನಲ್ಲೇ ಮಾಡುತ್ತೇನೆ ಅನ್ನುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಎಕ್ಸಲರೇಟರ್, ಹಾರ್ಡನರ್ ಎರಡೂ ಬೇರೆ ಬೇರೆ ಬಾಟಲಿಯಲ್ಲಿ ಬರುತ್ತವೆ. ಎಕ್ಸಲರೇಟರ್ ಅಂದರೆ ನೇರಳೆ ಬಣ್ಣದ ಕೋಬಾಲ್ಟ್. ಹಾರ್ಡನರ್ ಒಂದು ಪೆರಾಕ್ಸೈಡ್. ಇವೆರಡನ್ನು ಯಾವತ್ತೂ ನೇರವಾಗಿ ಸೇರಿಸಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಒಂದನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿದ ಮೇಲೇ ಇನ್ನೊಂದು. ಎರಡಕ್ಕೂ ಒಂದೇ ಅಳತೆ ಮುಚ್ಚಳ ಬಳಸುವುದೂ ಬೇಡ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಇಲ್ಲದೆ ಬಾಟಲಿ ತೆರೆಯಬೇಡಿ.

ಅಂಟಿಸಿದ್ದು

ಕೆಳಗಿನ ಫೈಬರನ್ನು 40 ನಂಬರ್ ಡಿಸ್ಕ್‌ನಲ್ಲಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿದೆ. ಕತ್ತರಿಸಿದ ಅಂಚಿನ ಮೇಲಿನ ಫೈಬರನ್ನು ಇಳಿಜಾರಾಗಿ ತೇಯಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ, ಅಂದರೆ 4 ಮಿ.ಮೀ.ಗೆ ಸುಮಾರು 50 ಮಿ.ಮೀ. ಹೊಸ ಬಟ್ಟೆ ಹಳೇ ಫೈಬರ್‌ಗೆ ಹಿಡಿಯುವುದು ಈ ಇಳಿಜಾರಿನ ಮೇಲೆಯೇ. ಮೂರು ಇಂಚು ಅಂಚು ಬಿಟ್ಟು ಕತ್ತರಿಸಿದ್ದೂ ಅದಕ್ಕೇ.

ಪ್ಲೈ ತುಂಡುಗಳನ್ನು ಕತ್ತರಿಸಿ, ಒಣದಾಗಿಯೇ ಜೋಡಿಸಿ, ನಂಬರ್ ಬರೆದು, ಒಂದೊಂದರಲ್ಲೂ ಗೇಣಿಗೊಂದರಂತೆ 5 ಮಿ.ಮೀ. ತೂತು ಕೊರೆದೆವು. ಕೆಳಗೆ ಸಿಕ್ಕಿದ ಗಾಳಿ ಹೊರಗೆ ಹೋಗಲು ಇದೇ ದಾರಿ. ಆಮೇಲೆ ಆರೂ ಮುಖಕ್ಕೆ, ತೂತಿನ ಒಳಗೂ, ತೆಳು ಎಪಾಕ್ಸಿ ಎರಡು ಕೈ. ಪ್ಲೈ ನೀರು ಕುಡಿಯುವುದು ಅಂಚಿನಿಂದ, ಅಲ್ಲಿಗೆ ಮೂರನೆಯದೂ ಆಯಿತು.

ಮರಕ್ಕೆ ಎಪಾಕ್ಸಿ ಹಚ್ಚುವ ಹೊತ್ತು ನೋಡಿಕೊಳ್ಳಬೇಕು. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಮೈಯೆಲ್ಲ ಗುಳ್ಳೆ. ಸಂಜೆ ಹಚ್ಚಿದರೆ ಮರ ತಣಿಯುತ್ತಾ ರೆಸಿನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೆ ತಡ ಸಂಜೆಯಾದರೆ ಇಬ್ಬನಿ. ತೇವದ ಗಾಳಿಯಲ್ಲಿ ಗಟ್ಟಿಯಾಗುವ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಏಳುತ್ತದೆ, ಅದರ ಮೇಲೆ ಮುಂದಿನ ಪದರ ಹಿಡಿಯುವುದಿಲ್ಲ. ಹಾಗಾಗಿ ನಾಲ್ಕು ಗಂಟೆಗೆ ಶುರು, ಕತ್ತಲಾಗುವ ಮೊದಲು ಟರ್ಪಾಲಿನ ಡೇರೆ. ಬೆಳಿಗ್ಗೆ ಜಿಡ್ಡು ಇರಲಿ ಬಿಡಲಿ, ನೀರಿನಲ್ಲಿ ಸ್ಕ್ರಬ್ಬರ್ ಹಾಕಿ ತೊಳೆದು, ಒಣಗಿಸಿ, ಪಾಲಿಶ್ ಪೇಪರ್ ಉಜ್ಜುವುದು. ಜಿಡ್ಡು ಹೋಗುವುದು ನೀರಿಗೆ. ತೊಳೆಯದೆ ಉಜ್ಜಿದರೆ ಅದನ್ನು ಎಲ್ಲ ಕಡೆ ಹರಡಿದಂತೆ.

ಅಂಟಿಸುವ ದಿನ ಮೂರು ಜನ ಬೇಕು. ಒಬ್ಬರು ಕಲಸುವುದಕ್ಕೆ, ಇಬ್ಬರು ಹಚ್ಚುವುದಕ್ಕೆ. ನಮ್ಮ ಸೆಕೆಗೆ ಎಪಾಕ್ಸಿ ಡಬ್ಬದಲ್ಲಿ ನಿಂತರೆ ತನ್ನ ಬಿಸಿಯಲ್ಲೇ ಕುದಿದು ಹೊಗೆಯಾಡುತ್ತದೆ. ಸಣ್ಣ ಸಣ್ಣ ಪಾಲು ತೂಕ ಮಾಡಿ ಕಲಸಿ, ಕೂಡಲೇ ಅಗಲದ ತಟ್ಟೆಗೆ ಸುರಿದರೆ ಸ್ವಲ್ಪ ಹೊತ್ತು ಸಿಗುತ್ತದೆ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವ ಲೆಕ್ಕ ಎಪಾಕ್ಸಿಗೆ ನಡೆಯುವುದಿಲ್ಲ. ಅನುಪಾತ ತಪ್ಪಿದರೆ ಅದು ಯಾವತ್ತೂ ಗಟ್ಟಿಯಾಗದೆ ರಬ್ಬರಿನಂತೆ ಉಳಿಯುತ್ತದೆ. ಡಬ್ಬದ ಮೇಲಿನ ಅಳತೆ, ಡಿಜಿಟಲ್ ತಕ್ಕಡಿ, ಅಷ್ಟೆ.

ಮೊದಲು ಎರಡೂ ಮೈಗೆ ಬರೀ ಎಪಾಕ್ಸಿ. ಅದರ ಮೇಲೆ ಏರೋಸಿಲ್ ಪುಡಿ ಕಲಸಿ ದಪ್ಪ ಮಾಡಿದ ಎಪಾಕ್ಸಿ. ಹದ ಹೇಗೆ ಅಂದರೆ, ದೋಸೆ ಹಿಟ್ಟಿನ ಹಾಗೆ ಹರಿಯಬಾರದು, ಉದ್ದಿನ ವಡೆ ಹಿಟ್ಟಿನ ಹಾಗೆ ಇಟ್ಟಲ್ಲಿ ನಿಲ್ಲಬೇಕು. ಏರೋಸಿಲ್ ಗಾಳಿಗಿಂತ ಹಗುರವೇನೋ ಅನ್ನುವ ಹಾಗೆ ಹಾರುತ್ತದೆ, ಇಲ್ಲೂ ಮಾಸ್ಕ್ ಬೇಕು. ಹಲ್ಲಿರುವ ಕರಣೆಯಲ್ಲಿ ಗೆರೆ ಗೆರೆಯಾಗಿ ಹರಡಿ, ಪ್ಲೈ ತುಂಡು ಇಟ್ಟು, ಅತ್ತಿತ್ತ ಜಾರಿಸಿ ಒತ್ತಿದೆವು. ಅಂಚಿನ ಕೆಳಗಿನ ಪೊಳ್ಳಿಗೆ ಮೊದಲೇ ಇದೇ ಹಿಟ್ಟು ತುರುಕಿ ಆಗಿತ್ತು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳಿನ ಚೀಲ. ತೂತುಗಳಿಂದ ಎಪಾಕ್ಸಿ ಉಕ್ಕಿದರೆ ಕೆಳಗೆ ಪೊಳ್ಳಿಲ್ಲ ಅಂತ ಅರ್ಥ. ಎರಡು ಕಡೆ ಉಕ್ಕಲಿಲ್ಲ. ಕೂಡಲೇ ತುಂಡು ಎಬ್ಬಿಸಿ ಇನ್ನಷ್ಟು ಹಾಕಿ ಮತ್ತೆ ಒತ್ತಿದೆವು. ರಟ್ಟಿನ ಅಚ್ಚು ಇಟ್ಟು ನೋಡಿದೆ, ಉಬ್ಬು ಸರಿ ಇತ್ತು. ಎರಡನೇ ಪದರವೂ ಹೀಗೆಯೇ.

ಗೂಟ ನಿಲ್ಲುವ ಜಾಗದಲ್ಲಿ ಪ್ಲೈ ಹಾಕಲೇ ಇಲ್ಲ. ಅಲ್ಲಿ ಬಟ್ಟೆ ಮೇಲೆ ಬಟ್ಟೆ ಹಾಕಿ ಪೂರ್ತಿ ಗಟ್ಟಿ ಫೈಬರ್ ಮಾಡಿದೆವು. ಒಂದೇ ಸಲಕ್ಕಲ್ಲ, ಬಿಸಿ ಏರದ ಹಾಗೆ ನಾಲ್ಕು ನಾಲ್ಕು ಪದರ. ದೋಣಿಯ ಭಾರವೆಲ್ಲ ಜಗ್ಗುವ ಬೋಲ್ಟುಗಳ ಸುತ್ತ ಕೊಳೆಯುವ ವಸ್ತುವೇ ಇರಬಾರದು ಅಂತ.

ಮೇಲಿನ ಐದು ಪದರದಲ್ಲಿ ಹೇಳುವಂಥದ್ದು ಕಡಿಮೆ. ಸಣ್ಣ ತುಂಡಿನಿಂದ ಶುರು ಮಾಡಿ ದೊಡ್ಡದರವರೆಗೆ, ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ. ಬಟ್ಟೆ ಪಾರದರ್ಶಕ ಆಗುವವರೆಗೆ ರೋಲರ್ ಉರುಳಿಸಬೇಕು. ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ. ರೆಸಿನ್ ಕೊಳದಂತೆ ನಿಂತರೂ ಒಳ್ಳೆಯದಲ್ಲ. ಬಲ ಇರುವುದು ಗಾಜಿನ ಎಳೆಯಲ್ಲಿ, ಹೆಚ್ಚಿನ ರೆಸಿನ್ ಬರೀ ಭಾರ.

ತೂತುಗಳು

ಇನ್ನು ಬಾವನಿಗೂ ನನಗೂ ಮತ್ತೆ ಜಟಾಪಟಿ ಆದ ಭಾಗ. ಡೆಕ್ ಆಯಿತಲ್ಲ, ಸಾಮಾನು ಕೂರಿಸಿ ಸ್ಕ್ರೂ ಹೊಡೆದರೆ ಸಾಯಂಕಾಲಕ್ಕೆ ಮುಗಿಯಿತು ಅಂತ ಅವರು. "ಬಾವ, ಹಾಗೆ ಮಾಡುವುದಾದರೆ ಹಳೇ ಪ್ಲೈಯನ್ನೇ ಇಟ್ಟುಕೊಳ್ಳಬಹುದಿತ್ತು" ಅಂದೆ. ಸ್ವಲ್ಪ ಹೊತ್ತು ಮಾತು ಬಿಟ್ಟರು.

ಒಳಗೆ ಪ್ಲೈ ಇರುವಲ್ಲಿ 10 ಮಿ.ಮೀ. ಬೋಲ್ಟ್ ಬರುವ ಕಡೆ ಮೊದಲು 20 ಮಿ.ಮೀ. ತೂತು ಕೊರೆಯಬೇಕು. ಕೆಳಗಿನಿಂದ ಟೇಪ್ ಹಚ್ಚಿ ಮುಚ್ಚಿ, ತೂತಿನ ಗೋಡೆಗೆ ತೆಳು ಎಪಾಕ್ಸಿ ಹಚ್ಚಿ, ಆಮೇಲೆ ದಪ್ಪ ಎಪಾಕ್ಸಿ ಪೂರ್ತಿ ತುಂಬಬೇಕು. ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿಗೆ ಬೇಕಾದಷ್ಟೇ ತೂತು. ಈಗ ಬೋಲ್ಟಿನ ಸುತ್ತ 5 ಮಿ.ಮೀ. ಎಪಾಕ್ಸಿ ಗೋಡೆ ಇದೆ. ಮುಂದೆ ಸೀಲಂಟ್ ಕೆಟ್ಟರೂ ನೀರು ದೋಣಿಯೊಳಗೆ ತೊಟ್ಟಿಕ್ಕುತ್ತದೆ, ಪ್ಲೈ ಮುಟ್ಟುವುದಿಲ್ಲ. ತೊಟ್ಟಿಕ್ಕುವ ನೀರು ಕಣ್ಣಿಗೆ ಕಾಣುತ್ತದೆ, ಸರಿ ಮಾಡಬಹುದು. ಪ್ಲೈ ಕುಡಿದ ನೀರು ವರ್ಷಗಟ್ಟಲೆ ಕಾಣುವುದಿಲ್ಲ. ಮುಚ್ಚಳದ ಹಿಂಜಿಗೂ ಸಣ್ಣ ಕೊಂಡಿಗೂ ಇದೇ ಕ್ರಮ. ಸ್ಕ್ರೂ ಬದಲು ಎಲ್ಲ ಕಡೆ ಆರ್‌ಪಾರ್ ಬೋಲ್ಟ್. ಮೇಲಿನ ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿದರೆ ಸೀಲಂಟ್ ಅಲ್ಲಿ ಉಂಗುರದಂತೆ ಕೂರುತ್ತದೆ.

ಸೀಲಂಟ್ ಪಾಲಿಯುರೆಥೇನ್‌ನದ್ದು. ಸಿಲಿಕೋನ್ ಬೇಡ. ಅದು ಮುಟ್ಟಿದ ಜಾಗಕ್ಕೆ ಆಮೇಲೆ ಪೇಂಟೂ ಹಿಡಿಯುವುದಿಲ್ಲ, ಎಪಾಕ್ಸಿಯೂ ಹಿಡಿಯುವುದಿಲ್ಲ. ಬೋಲ್ಟ್ ಒಮ್ಮೆಗೇ ಪೂರ್ತಿ ಬಿಗಿದರೆ ಸೀಲಂಟ್ ಎಲ್ಲ ಹೊರಗೆ ಹಿಂಡಿ ಬರುತ್ತದೆ. ಮೊದಲು ಕೈಬಿಗಿ, ಗಟ್ಟಿಯಾದ ಮೇಲೆ ಕೆಳಗಿನ ನಟ್ಟು ಮಾತ್ರ ತಿರುಗಿಸಿ ಪೂರ್ತಿ ಬಿಗಿ. ಬೋಲ್ಟಿನ ತಲೆ ತಿರುಗಿಸಿದರೆ ಸುತ್ತಲಿನ ಸೀಲಂಟ್ ಹರಿಯುತ್ತದೆ. ಗೂಟದ ಕೆಳಗೆ 5 ಮಿ.ಮೀ. ದಪ್ಪದ ಸ್ಟೀಲ್ ಪ್ಲೇಟ್ ಕೊಟ್ಟೆವು. ಸ್ಟೇನ್‌ಲೆಸ್ ತಗೊಳ್ಳುವಾಗ 316 ದರ್ಜೆಯದ್ದು ಕೇಳಿ. 304 ಅಡುಗೆಮನೆಗೆ ಸಾಕು, ಉಪ್ಪು ಗಾಳಿಗೆ ಕಂದು ಕಲೆ ಬರುತ್ತದೆ.

ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ, ಹಳದಿಯಾಗಿ ಪುಡಿ ಉದುರುತ್ತದೆ. ಅದನ್ನು ಮುಚ್ಚಲೇಬೇಕು. ಫೈಬರ್ ದೋಣಿಯ ಹೊರಮೈಗೆ ಬಳಿಯುವ ಮಾಮೂಲಿ ಜೆಲ್‌ಕೋಟ್ ಪಾಲಿಯೆಸ್ಟರ್ ಜಾತಿಯದ್ದು, ಎಪಾಕ್ಸಿ ಮೇಲೆ ಸರಿಯಾಗಿ ಗಟ್ಟಿಯಾಗುವ ಭರವಸೆ ಇಲ್ಲ. ಎಪಾಕ್ಸಿ ಪ್ರೈಮರ್, ಮೇಲೆ ಎರಡು ಡಬ್ಬ ಕಲಸಿ ಬಳಸುವ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದೆವು. ಜಾರದಿರಲಿ ಅಂತ ಮೊದಲ ಕೋಟ್ ಹಸಿಯಿರುವಾಗ ಜರಡಿ ಹಿಡಿದ ಒಣ ಸಿಲಿಕಾ ಮರಳು ಧಾರಾಳವಾಗಿ ಉದುರಿಸಿ, ಒಣಗಿದ ಮೇಲೆ ಹಿಡಿಯದ ಮರಳು ಗುಡಿಸಿ, ಇನ್ನೆರಡು ಕೋಟ್. ಬಾವನಿಗೆ ಕಡು ನೀಲಿ ಬೇಕಿತ್ತು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ತೋರಿಸಿ ಅಂದೆ, ತಿಳಿ ಬೂದಿಗೆ ಬಂದರು. ನೀಲಿ ಪಟ್ಟಿ ಬದಿಯಲ್ಲಿದೆ.

ಪೇಂಟ್ ಒಣಗಿದ ಮೇಲೆ ಮತ್ತೆ ಅದೇ ಸ್ಕ್ರೂಡ್ರೈವರ್ ಹಿಡಿಯಲ್ಲಿ ಇಡೀ ಡೆಕ್ ಬಡಿದು ನೋಡಿದೆ. ಎಲ್ಲ ಕಡೆ ಟಣ್. ಪೈಪಿನಲ್ಲಿ ನೀರು ಬಿಟ್ಟು ಕೆಳಗಿನ ಗೂಡಿನಲ್ಲಿ ಟಾರ್ಚ್ ಹಿಡಿದು ಒಂದೊಂದು ನಟ್ಟೂ ಮುಟ್ಟಿ ನೋಡಿದೆವು. ಹಿಂಜಿನ ಒಂದು ಬೋಲ್ಟ್ ತೊಟ್ಟಿಕ್ಕುತ್ತಿತ್ತು, ಬಿಚ್ಚಿ ಸೀಲಂಟ್ ಬದಲಿಸಿದೆವು.

ಎಡಬದಿಯ ಕಿರಿದಾದ ಡೆಕ್‌ನಲ್ಲಿ ಒಂದು ಮಾರು ಉದ್ದ ಇನ್ನೂ ಡಬ್ ಅನ್ನುತ್ತಿದೆ. ಅದಕ್ಕೆ ಮುಂದಿನ ಚಳಿಗಾಲ. ಅಲ್ಲಿಯವರೆಗೆ ಅಲ್ಲಿದ್ದ ಸ್ಕ್ರೂ ಎಲ್ಲ ತೆಗೆದು, ತೂತುಗಳಿಗೆ ಎಪಾಕ್ಸಿ ತುಂಬಿ ಬಿಟ್ಟಿದ್ದೇನೆ. ಬಾವ ಮುಂದಿನ ತುದಿಯಲ್ಲಿ ಹೊಸ ಸರ್ಚ್‌ಲೈಟ್ ಕೂರಿಸಬೇಕು ಅಂತಿದ್ದಾರೆ. ನಾಲ್ಕು ಬೋಲ್ಟ್. ಡ್ರಿಲ್ ಮೆಷಿನ್ ಸದ್ಯಕ್ಕೆ ನನ್ನ ಮನೆಯಲ್ಲೇ ಇದೆ.